ಎಳೆಯರ ಲೆಕ್ಕಪಾಠವೂ ಗಣಿತವಿಳಾಸ ರಾಜಾದಿತ್ಯನೂ

ಮಳೆಗಾಲ ಬಂದಿತೆಂದರೆ ಹಿರಿಯೂರಿನ ಪುರಜನರೆಲ್ಲರೂ ಗಣಿತಜ್ಞರಾಗುತ್ತಾರೆ. ಮಾರಿಕಣಿವೆಯ ವಾಣೀವಿಲಾಸ ಸಾಗರದಲ್ಲಿ ನೀರು ಎಷ್ಟು ಅಡಿಗೆ ಏರಿತು, ತುಂಬುವುದಕ್ಕೆ ಇನ್ನೆಷ್ಟು ಅಡಿ ಉಳಿಯಿತು ಎಂಬ ಲೆಕ್ಕವು ಅಂಗಡಿಯ ಜಗುಲಿಯಿಂದ ತಾಲ್ಲೂಕು ಕಛೇರಿಯ ಮೊಗಸಾಲೆಯವರೆಗೆ ಎಲ್ಲೆಲ್ಲಿಯೂ ನಡೆಯುತ್ತದೆ. ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿದ ಆ ಅಣೆಕಟ್ಟಿನ ಪೂರ್ಣಮಟ್ಟವು ೧೩೦ ಅಡಿ; ಅದು ಹಿಡಿಯುವ ನೀರು ಸುಮಾರು ೩೦ ಟಿ.ಎಂ.ಸಿ., ಎಂದರೆ ೩೦ ಸಾವಿರ ದಶಲಕ್ಷ ಘನ ಅಡಿ. ೧೯೩೩ರಲ್ಲಿ ಒಮ್ಮೆ ಕೋಡಿ ಬಿದ್ದ ತರುವಾಯ ವೇದಾವತಿಯ ನೀರು ಮತ್ತೆ ಕೋಡಿ ಹರಿಯುವುದನ್ನು ಕಾಣುವುದಕ್ಕೆ ಈ ಊರು ೨೦೨೨ನೆಯ ಇಸವಿಯವರೆಗೆ, ಒಂದು ದೀರ್ಘಾಯುಷ್ಯದಷ್ಟು ಕಾಲ, ಕಾದುಕೊಂಡಿರಬೇಕಾಯಿತು. ಇಂತಹ ಊರಿನವರು ಅಡಿಯ ಲೆಕ್ಕದಲ್ಲಿ ಆಸಕ್ತರಾಗಿರುವುದು ಸಹಜವೇ ಸರಿ.

ಆದರೆ ಈ ಲೆಕ್ಕದಲ್ಲಿ ಓದುಬರಹ ಬಲ್ಲ ಬಹುಮಂದಿಯೂ ಮಾಡುವ ಪ್ರಮಾದವೊಂದುಂಟು. ನೀರು ೬೫ ಅಡಿಗೆ ಬಂದಿತೆಂದು ಕೇಳಿದೊಡನೆ, ೧೩೦ರಲ್ಲಿ ೬೫ ಅರ್ಧವಷ್ಟೆ, ಆದುದರಿಂದ ಸಾಗರವು ಅರ್ಧ ತುಂಬಿತು ಎಂದು ಅವರು ಹೇಳಿಬಿಡುತ್ತಾರೆ. ಸಾಗರವು ನೆಟ್ಟಗಿನ ಗೋಡೆಗಳುಳ್ಳ ತೊಟ್ಟಿಯಾಗಿದ್ದರೆ ಆ ಮಾತು ಸರಿಯಾಗುತ್ತಿದ್ದಿತು. ಕಣಿವೆಯೋ ಮೇಲಕ್ಕೆ ಹರವಾಗಿ ಕೆಳಕ್ಕೆ ಇಕ್ಕಟ್ಟಾಗಿ ಇರತಕ್ಕದ್ದು. ಅದನ್ನು ಒಂದು ಲಾಳಿಕೆಯಂತೆ ಭಾವಿಸಿಕೊಂಡರೆ, ಅರ್ಧ ಎತ್ತರಕ್ಕೆ ನೀರು ನಿಂತಾಗ ಅದರ ಉದ್ದವೂ ಅರ್ಧ, ಅಗಲವೂ ಅರ್ಧ, ಆಳವೂ ಅರ್ಧ. ಮೂರು ಅರ್ಧಗಳನ್ನು ಗುಣಿಸಿದರೆ ದೊರೆಯುವುದು ಎಂಟರಲ್ಲಿ ಒಂದು ಪಾಲು. ನಿಜವಾದ ಕಣಿವೆ ಲಾಳಿಕೆಯಷ್ಟು ಕ್ರಮವಾದುದಲ್ಲ. ಇಂಜಿನಿಯರುಗಳು ಅದಕ್ಕೆಂದೇ ಅಳತೆಯ ಪಟ್ಟಿಯನ್ನು ಬೇರೆ ಇಟ್ಟುಕೊಂಡಿರುತ್ತಾರೆ. ಆದರೂ ಅರ್ಧ ಅಡಿಯೆಂದರೆ ಅರ್ಧ ನೀರಲ್ಲ, ಅದಕ್ಕಿಂತ ಬಹಳ ಕಡಮೆ ಎಂಬುದು ಇದರಿಂದ ತಿಳಿಯುತ್ತದೆ. ಅಚ್ಚುಕಟ್ಟಿನ ರೈತನಿಗೆ ಈ ವ್ಯತ್ಯಾಸವು ಒಂದು ಬೆಳೆಯ ವ್ಯತ್ಯಾಸ.

ತಪ್ಪು ಎಲ್ಲಿಂದ ಬಂದಿತು? ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲರೂ ಕಲಿತ ತ್ರೈರಾಶಿಕದಿಂದ. ಐದು ತೆಂಗಿನಕಾಯಿಗೆ ನೂರೈವತ್ತು ರೂಪಾಯಿಯಾದರೆ ಎಂಟಕ್ಕೆಷ್ಟು? ಐದು ಪ್ರಮಾಣ, ನೂರೈವತ್ತು ಫಲ, ಎಂಟು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇನ್ನೂರನಾಲ್ವತ್ತು. ಆರ್ಯಭಟನ ಕಾಲದಿಂದ ನಮ್ಮ ದೇಶದಲ್ಲಿ ನಡೆದುಬಂದಿರುವ, ಅರಬರ ಮೂಲಕ ಯೂರೋಪಿಗೂ ಹೋಗಿ ಅಲ್ಲಿ ಚಿನ್ನದ ಸೂತ್ರವೆಂಬ ಹೆಸರು ಪಡೆದ ಲೆಕ್ಕವಿದು. ಸೂತ್ರವನ್ನು ನಮಗೆ ಚೆನ್ನಾಗಿಯೇ ಕಲಿಸಿದರು. ಅದನ್ನು ಯಾವಾಗ ಬಳಸಬಾರದು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಈ ಹೇಳದೆ ಉಳಿದ ಮಾತಿಗೆ ನಮ್ಮ ಹಿರಿಯರು ಇಟ್ಟಿದ್ದ ಹೆಸರು ಟೀಕೆ. ಇಂದು ಈ ಪದವು ಬೈಗುಳಕ್ಕೆ ಸಮೀಪವಾಗಿಬಿಟ್ಟಿದೆಯಾದರೂ ಅದರ ಹಳೆಯ ಅರ್ಥವು ವಿವರಣೆ, ಒಳಗನ್ನು ಬಿಡಿಸಿ ತೋರಿಸುವುದು.

ಆ ಟೀಕೆಯನ್ನು ಕನ್ನಡದಲ್ಲಿ ಬರೆಯುವುದಕ್ಕೆಂದೇ ಲೇಖನಿ ಹಿಡಿದವನೊಬ್ಬನು ೧೨ನೆಯ ಶತಮಾನದಲ್ಲಿ ಇದ್ದನು. ಕೂಂಡಿ ಮಂಡಲದ ಪೂವಿನಬಾಗೆ ಎಂಬುದು ಅವನ ಊರು, ರಾಜಾದಿತ್ಯನೆಂದು ಹೆಸರು, ಬಾಚಯ್ಯ, ಬಾಚಿರಾಜ ಎಂಬ ಬಳಕೆಯ ಹೆಸರುಗಳೂ ಉಂಟು. ಗುರು ಶುಭಚಂದ್ರದೇವ. ನಮಗೆ ದೊರೆತಿರುವ ಮಟ್ಟಿಗೆ ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದವರಲ್ಲಿ ಇವನೇ ಮೊದಲಿಗನೆಂದು ವಿದ್ವಾಂಸರು ಎಣಿಸುತ್ತಾರೆ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ, ಜೈನಗಣಿತಸೂತ್ರಟೀಕೋದಾಹರಣ ಎಂಬ ಆರು ಕೃತಿಗಳು ಅವನ ಹೆಸರಿನಲ್ಲಿ ಎಣಿಕೆಗೆ ಬಂದಿವೆ. ಆರೂ ಗಣಿತವೇ. ಅವನಿಗೆ ಗಣಿತವಿಳಾಸನೆಂಬ ಬಿರುದಿನೊಡನೆ ಪದ್ಯವಿದ್ಯಾಧರನೆಂಬ ಬಿರುದೂ ಇದ್ದಿತು. ಪದ್ಯ ಕಟ್ಟಬಲ್ಲ ಜೈನ ಪಂಡಿತನು ತೀರ್ಥಂಕರ ಪುರಾಣವನ್ನು ರಚಿಸಿ ಕೀರ್ತಿ ಪಡೆಯುತ್ತಿದ್ದ ಕಾಲವದು. ಆ ದಾರಿಯನ್ನು ಬಿಟ್ಟು ಕ್ರಯವಿಕ್ರಯ, ಹಂಚಿಕೆ, ಹೊಲದಳತೆಗಳನ್ನು ಪದ್ಯಕ್ಕೆ ತಂದವನ ಮನಸ್ಸು ಎಂತಹುದಿರಬೇಕು!

ರಾಜಾದಿತ್ಯನ ಸಂಗತಿಯನ್ನು ನಮ್ಮ ಕಾಲದವರಿಗೆ ಎತ್ತಿ ತೋರಿಸಿದ ಕವಿಚರಿತೆಯ ಮೊದಲ ಸಂಪುಟವು ಪ್ರಕಟವಾದುದು ೧೯೦೭ರಲ್ಲಿ, ಮಾರಿಕಣಿವೆಯ ಕಟ್ಟೆ ಮುಗಿದ ವರ್ಷದಲ್ಲಿಯೇ. ಅವನ ವ್ಯವಹಾರಗಣಿತವು ಮರಿಯಪ್ಪ ಭಟ್ಟರ ಸಂಪಾದನೆಯಲ್ಲಿ ಮದರಾಸಿನಿಂದ ಅಚ್ಚಾಗುವುದಕ್ಕೆ ೨೦ನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಪಂಪ ರನ್ನರ ಹೆಸರನ್ನು ನಿದ್ರೆಯಲ್ಲಿಯೂ ಹೇಳಬಲ್ಲ ನಮ್ಮ ವಿದ್ಯಾವಂತರಲ್ಲಿ ಈ ಹೆಸರನ್ನು ಕೇಳಿದವರು ಎಷ್ಟು ಮಂದಿ? ಚಿತ್ರಹಸುಗೆ ಎಂಬ ಹೆಸರಿನ ಸೊಗಸನ್ನಾದರೂ ನೋಡಬಹುದು. ಹಸುಗೆಯೆಂದರೆ ಪಾಲು ಮಾಡುವುದು, ಹಂಚುವುದು. ಭಾಗಾಕಾರವೆಂಬ ಭಾರವಾದ ಮಾತಿಗಿಂತ ಎಷ್ಟೋ ಹತ್ತಿರದ ಮಾತು.

ಈ ಆರರಲ್ಲಿ ಕೊನೆಯ ಗ್ರಂಥದ ಹೆಸರೇ ಒಂದು ಬೋಧನಕ್ರಮವನ್ನು ಹೇಳುತ್ತದೆ: ಸೂತ್ರ, ಟೀಕೆ, ಉದಾಹರಣೆ. ಮೊದಲು ನೆನಪಿನಲ್ಲಿ ನಿಲ್ಲುವಂತೆ ನಿಯಮ. ಬಳಿಕ ಅದು ಏನು ಹೇಳುತ್ತದೆಂಬ ಬಿಡಿಸುವಿಕೆ. ಬಳಿಕ ವ್ಯವಹಾರದಿಂದ ಎತ್ತಿಕೊಂಡ ಲೆಕ್ಕ. ಮೂರರಲ್ಲಿ ಯಾವುದನ್ನು ಬಿಟ್ಟರೂ ಉಳಿದೆರಡು ಕುಂಟುತ್ತವೆ. ನಮ್ಮ ನಾಡಿನಲ್ಲಿ ಎಳೆಯರ ಲೆಕ್ಕಪಾಠದ ಏಳುಬೀಳುಗಳನ್ನೆಲ್ಲ ಈ ಮೂರು ಮಾತುಗಳಿಂದಲೇ ಅಳೆಯಬಹುದೆಂದು ನಮಗೆ ತೋರುತ್ತದೆ.

ರಾಜಾದಿತ್ಯನಿಗೆ ಮೂರು ಶತಮಾನ ಹಿಂದೆಯೇ, ೮೫೦ರ ಸುಮಾರಿನಲ್ಲಿ, ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದಿದ್ದನು. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಹಗತಿಯ ಜೊತೆಗೆ ಗಣಿತವನ್ನು ಒಂದು ಅಂಗವಾಗಿ ಸೇರಿಸುತ್ತಿದ್ದ ಕಾಲದಲ್ಲಿ ಇವನು ಗಣಿತವನ್ನೇ ಬೇರ್ಪಡಿಸಿ, ಕಲಿಯುವವನು ಹಿಡಿಯಬಹುದಾದ ಪಠ್ಯಪುಸ್ತಕವಾಗಿ ಮಾಡಿದನು. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳ ಲಘುತಮ ಸಾಮಾನ್ಯ ಗುಣಿತವನ್ನು ತೆಗೆದುಕೊಳ್ಳುವ ಕ್ರಮವನ್ನು ನಿರುದ್ಧವೆಂಬ ಹೆಸರಿನಿಂದ ಸ್ಪಷ್ಟವಾಗಿ ಹೇಳಿದವನು ಅವನು. ೧೧ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಭಾಷಾಂತರದೊಡನೆ ಪ್ರಕಟಿಸಿದ ಮೇಲೆ ಲೋಕವೆಲ್ಲ ತಿಳಿಯಿತು. ಕನ್ನಡ ಅನುವಾದವು ಹೊಂಬುಜದಿಂದ ಪದ್ಮಾವತಮ್ಮನವರ ಕೈಯಲ್ಲಿ ಬಂದುದು ೨೦೦೦ದಲ್ಲಿ. ಕನ್ನಡನಾಡಿನಲ್ಲಿ ಹುಟ್ಟಿದ ಗ್ರಂಥವು ಕನ್ನಡಕ್ಕೆ ಬರಲು ಹಿಡಿದ ಕಾಲವನ್ನು ವಾಚಕ ಮಹಾಶಯರು ತಾವೇ ಕಳೆದು ನೋಡಿಕೊಳ್ಳಬಹುದು.

ಅಭಿಮಾನವೆಂದರೆ ಪೂರ್ವಿಕರು ಹೇಳಿದುದೆಲ್ಲವೂ ಸರಿಯೆನ್ನುವುದಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆಯು ಮಾರ್ಪಾಟಿಲ್ಲದೆ ಹಾಗೆಯೇ ಉಳಿಯುತ್ತದೆಂದು ಮಹಾವೀರನು ಹೇಳಿದನು. ಅದು ತಪ್ಪು. ಹನ್ನೆರಡು ಮಾವಿನ ಹಣ್ಣನ್ನು ಹಂಚಿಕೊಳ್ಳುವವರೇ ಇಲ್ಲದಿದ್ದರೆ ಹಣ್ಣುಗಳು ಬುಟ್ಟಿಯಲ್ಲಿ ಉಳಿಯುತ್ತವೆ, ನಿಜ. ಆದರೆ ತಲೆಗೆ ಎಷ್ಟು ಬಂದಿತು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ, ತಲೆಯೇ ಇಲ್ಲವಲ್ಲ! ನಾಲ್ಕನೆಯ ತರಗತಿಯ ಹುಡುಗಿಯು ಕೇಳಬಹುದಾದ ಈ ಪ್ರಶ್ನೆಯಲ್ಲಿ ಮಹಾಪಂಡಿತನು ಎಡವಿದನೆಂದು ಮಕ್ಕಳಿಗೆ ತಿಳಿಸಿದರೆ ಅವರಿಗೆ ಗಣಿತದ ಮೇಲಿನ ಭಯವು ಕಡಮೆಯಾಗುವುದೇ ಹೊರತು ಆಚಾರ್ಯನ ಗೌರವಕ್ಕೆ ಕುಂದಿಲ್ಲ.

ಇನ್ನು ನಮ್ಮ ಹಳ್ಳಿಗಳ ಕೂಲಿಮಠಗಳ ಸಂಗತಿ. ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಮದರಾಸು ಆಧಿಪತ್ಯದ ಜಿಲ್ಲೆಗಳಿಂದೆಲ್ಲ ಶಾಲೆಗಳ ವಿವರವನ್ನು ಕೇಳಿದಾಗ, ನಮ್ಮ ಚಿತ್ರದುರ್ಗಕ್ಕೆ ಅಂಟಿಕೊಂಡಿರುವ ಬಳ್ಳಾರಿಯ ಕಲೆಕ್ಟರು ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯು ಓದತಕ್ಕದ್ದು. ೯,೨೭,೮೫೭ ಜನರುಳ್ಳ ಜಿಲ್ಲೆಯಲ್ಲಿ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಇಂಗ್ಲಿಷಿನದು ಒಂದೇ ಒಂದು. ಬೆಳಿಗ್ಗೆ ಆರು ಗಂಟೆಗೆ ಶಾಲೆಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ; ಎರಡನೆಯವನ ಅಂಗೈಯಲ್ಲಿ ಸೊನ್ನೆ, ಅವನಿಗೆ ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲವೆಂದು; ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆಲ್ಲ ಒಂದೊಂದು ಹೆಚ್ಚು. ಸೊನ್ನೆಯ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಬೋಧಿಸಿದ ಶಾಲೆಯನ್ನು ನಾವು ಕಾಣೆವು! ಮರಳಿನ ಮೇಲೆ ಬೆರಳಿನಿಂದ ಬರೆಸುವ ಮಿತವ್ಯಯವನ್ನೂ, ಮುಂದುವರಿದ ಹುಡುಗನು ಹಿಂದಿನವನಿಗೆ ಹೇಳಿಕೊಡುವ ಕ್ರಮವನ್ನೂ ಕ್ಯಾಂಪ್‌ಬೆಲ್ ಮೆಚ್ಚಿದನು. ಈ ಕ್ರಮವನ್ನೇ ಅದಕ್ಕೆ ಮುಂಚೆ ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ನಕಲು ಮಾಡಿಕೊಂಡು, ೧೭೯೭ರಲ್ಲಿ ಅದನ್ನು ಕುರಿತು ಪುಸ್ತಕ ಬರೆದು, ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ನೆಲೆಗೊಳಿಸಿದ್ದನು.

ಆದರೆ ಅದೇ ಕ್ಯಾಂಪ್‌ಬೆಲ್ಲನು ಇನ್ನೊಂದು ಮಾತನ್ನೂ ಹೇಳಿದನು. ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅರ್ಥವೋ ಗಿಳಿಗೆ ಎಷ್ಟು ಗೊತ್ತೋ ಅಷ್ಟೇ ಎಂದು. ಮಗ್ಗಿಯ ಸಂಗತಿಯೂ ಬಹುಮಟ್ಟಿಗೆ ಹೀಗೆಯೇ ಇದ್ದಿತು. ಐಗಳ ಮಠದಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂವರೆಗಳ ಮಗ್ಗಿಯವರೆಗೂ ಬಾಯಿಲೆಕ್ಕವು ಅದ್ಭುತವಾಗಿ ನಡೆಯುತ್ತಿದ್ದಿತು. ಆಣೆ ಪೈಗಳಲ್ಲಿಯೂ ಸೇರು ಪಾವುಗಳಲ್ಲಿಯೂ ಒಬ್ಬ ಹುಡುಗನು ಶ್ಯಾನುಭೋಗನನ್ನು ಸೋಲಿಸಬಲ್ಲವನಾಗಿದ್ದನು. ಸೂತ್ರವೂ ಉಳಿದಿದ್ದಿತು, ಉದಾಹರಣೆಯೂ ಬೀದಿಯಲ್ಲಿಯೇ ದೊರೆಯುತ್ತಿದ್ದಿತು. ನಡುವಣ ಟೀಕೆಯು ಜಾರಿಹೋಗಿದ್ದಿತು. ಅದಕ್ಕೆ ಕಾರಣವನ್ನು ಐಗಳ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲವೆಂದೂ, ದೇಶವು ಬಡವಾಗುತ್ತ ಬಂದುದೇ ಇದಕ್ಕೆ ಕಾರಣವೆಂದೂ, ಇಲ್ಲಿಯ ಹಣವು ಹೊರಗೆ ಹೋಗುತ್ತಿದೆಯೆಂದೂ ಬರೆದವನು ಆ ಕಲೆಕ್ಟರನೇ. ಗಾಂಧೀಜಿಯವರು ೧೯೩೧ರಲ್ಲಿ ಲಂಡನ್ನಿನಲ್ಲಿ ಆಡಿದ, ಧರ್ಮಪಾಲರು ೧೯೮೩ರಲ್ಲಿ ದಾಖಲೆಗಳೊಡನೆ ಮುಂದಿಟ್ಟ ವಾದಕ್ಕೆ ಇಂತಹ ವರದಿಗಳೇ ಆಧಾರ. ಗುರುವಿಗೆ ಅನ್ನವಿಲ್ಲದ ಕಡೆ ಟೀಕೆಯನ್ನು ಕಲಿತವನು ಗುರುವಾಗಿ ನಿಲ್ಲುವುದೆಂತು?

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. ಮೈಸೂರು ಸೀಮೆಯಲ್ಲಿ ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದಿತು. ಹಳ್ಳಿಯ ಮೇಷ್ಟ್ರುಗಳನ್ನೇ ಕರೆಸಿ ತರಬೇತಿಯಿತ್ತು ಸರ್ಕಾರಿ ಶಾಲೆಗಳಿಗೆ ಹಾಕುವ ಏರ್ಪಾಡದು. ೧೯೧೩ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವಾಯಿತು. ೧೯೫೭ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬಂದು, ಮುಂದಿನ ವರ್ಷಗಳಲ್ಲಿ ಕಿಲೋಗ್ರಾಂ ಲೀಟರುಗಳೂ ನೆಲೆಗೊಂಡು, ಹದಿನಾರು ಆಣೆಯ ರೂಪಾಯಿಯೊಡನೆ ಕಾಲು ಮುಕ್ಕಾಲಿನ ಮಗ್ಗಿಯೂ ಮರೆಯಾಯಿತು. ದಶಮಾಂಶ ಪದ್ಧತಿಯು ಒಳ್ಳೆಯದೇ. ಆದರೆ ಮಕ್ಕಳ ಬಾಯಿಂದ ಭಿನ್ನರಾಶಿಯು ಹೊರಟುಹೋದ ಬಳಿಕ ಅದನ್ನು ಪುಸ್ತಕದ ಪುಟದಲ್ಲಿ ಮೇಲೊಂದು ಕೆಳಗೊಂದು ಅಂಕಿಯಾಗಿ ಮಾತ್ರ ತೋರಿಸಿದೆವು. ಅಲ್ಲಿಂದ ಭಿನ್ನರಾಶಿಯು ಭೂತವಾಯಿತು.

ಈಗಿನ ಸ್ಥಿತಿ ಏನು? ಗ್ರಾಮಾಂತರ ಭಾರತದ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ನೋಡುವ ಅಸರ್ ಎಂಬ ಸಮೀಕ್ಷೆಯ ೨೦೨೪ರ ವರದಿಯಂತೆ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಐದನೆಯ ತರಗತಿಯ ಮಕ್ಕಳಲ್ಲಿ ನೂರಕ್ಕೆ ೩೦.೭ ಮಂದಿ. ವ್ಯವಕಲನ ಬಲ್ಲವರು ಮೂರನೆಯ ತರಗತಿಯಲ್ಲಿ ನೂರಕ್ಕೆ ೩೩.೭. ಇದು ಹಿಂದಿನ ಸಮೀಕ್ಷೆಗಳಿಗಿಂತ ಉತ್ತಮವಾದ ಫಲವೆಂಬುದನ್ನು ಹೇಳದಿದ್ದರೆ ಅಪಚಾರವಾದೀತು. ಆದರೂ ಹತ್ತರಲ್ಲಿ ಏಳು ಮಕ್ಕಳು ಹಸುಗೆಯನ್ನು ಅರಿಯದೆ ಮೇಲಿನ ಶಾಲೆಯ ಹೊಸ್ತಿಲನ್ನು ಮುಟ್ಟುತ್ತಿದ್ದಾರೆ.

ಮಗುವಿನ ತಪ್ಪನ್ನು ಹತ್ತಿರದಿಂದ ನೋಡಿದರೆ ರೋಗವು ತಿಳಿಯುತ್ತದೆ. ೫೨ರಲ್ಲಿ ೧೭ನ್ನು ಕಳೆಯೆಂದರೆ ಅನೇಕ ಮಕ್ಕಳು ೪೫ ಎಂದು ಬರೆಯುತ್ತಾರೆ. ಎರಡರಲ್ಲಿ ಏಳು ಹೋಗದಾದ್ದರಿಂದ ಏಳರಲ್ಲಿ ಎರಡನ್ನು ಕಳೆದು ಐದು ಎಂದರು. ಐದರಲ್ಲಿ ಒಂದು ಹೋದರೆ ನಾಲ್ಕು. ಇದು ಸೋಮಾರಿತನವಲ್ಲ, ಬುದ್ಧಿಹೀನತೆಯೂ ಅಲ್ಲ. ಕೈಗೆ ಸಿಕ್ಕಿದ ನಿಯಮವನ್ನು ನಿಷ್ಠೆಯಿಂದ ನಡೆಸಿದ ಫಲ. ಆಗ ಮೇಷ್ಟ್ರು ಪಕ್ಕದ ಮನೆಯಿಂದ ಒಂದು ಸಾಲ ತಾ ಎನ್ನುತ್ತಾರೆ. ಸಾಲವೆಂದರೆ ಹಿಂದಕ್ಕೆ ಕೊಡತಕ್ಕದ್ದಲ್ಲವೆ? ಯಾವಾಗ ಕೊಡುವುದು? ಒಂದನ್ನು ತಂದರೆ ಅದು ಹತ್ತಾಗುವುದು ಹೇಗೆ? ಈ ಪ್ರಶ್ನೆಗಳನ್ನು ಮಗು ಕೇಳುವುದಿಲ್ಲ, ಕೇಳಿದರೆ ಗದರಿಸುವವರೇ ಹೆಚ್ಚು. ಇಲ್ಲಿ ನಡೆಯುವುದು ಸಾಲವಲ್ಲ, ಒಡೆಯುವುದು: ಐವತ್ತೆರಡನ್ನು ನಲವತ್ತು ಮತ್ತು ಹನ್ನೆರಡಾಗಿ ಒಡೆದರೆ, ಹನ್ನೆರಡರಲ್ಲಿ ಏಳು, ನಲವತ್ತರಲ್ಲಿ ಹತ್ತು ಸಲೀಸಾಗಿ ಹೋಗುತ್ತವೆ. ಹತ್ತು ರೂಪಾಯಿಯ ನೋಟನ್ನು ಚಿಲ್ಲರೆ ಮಾಡಿಸಿದ ಪ್ರತಿಯೊಂದು ಮಗುವೂ ಇದನ್ನು ಬಲ್ಲದು.

ಈ ವಿಷಯದಲ್ಲಿಯೇ ತನ್ನ ಬಾಳನ್ನು ತೊಡಗಿಸಿದ ಒಬ್ಬ ಮಹಿಳೆಯ ವೃತ್ತಾಂತವು ನಮ್ಮ ವಾಚಕರಿಗೆ ಉಪಯುಕ್ತವಾದೀತು. ಚೀನದ ಶಾಂಘೈ ಪಟ್ಟಣದ ಹುಡುಗಿ ಲಿಪಿಂಗ್ ಮಾ, ಅಲ್ಲಿಯ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ದೂರದ ಬೆಟ್ಟದ ಹಳ್ಳಿಗೆ ಕಳುಹಿಸಲ್ಪಟ್ಟು, ಅಲ್ಲಿಯೇ ಎಳೆಯರಿಗೆ ಪಾಠ ಹೇಳುತ್ತ ಉಪಾಧ್ಯಾಯಿನಿಯಾದರು. ಮುಂದೆ ಅಮೆರಿಕೆಯಲ್ಲಿ ಓದಿ, ಅಲ್ಲಿಯ ೨೩ ಮಂದಿ, ಚೀನದ ೭೨ ಮಂದಿ ಪ್ರಾಥಮಿಕ ಉಪಾಧ್ಯಾಯರನ್ನು ಕೆಲವೇ ಪ್ರಶ್ನೆಗಳಿಂದ ಹೋಲಿಸಿ ೧೯೯೯ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಒಂದೂ ಮುಕ್ಕಾಲನ್ನು ಅರೆಯಿಂದ ಭಾಗಿಸಿ, ಅದಕ್ಕೆ ಒಪ್ಪುವ ಒಂದು ಕಥೆಯನ್ನು ಹೇಳಿ ಎಂಬುದು ಅವುಗಳಲ್ಲೊಂದು. ಚೀನದವರೆಲ್ಲರೂ ಸರಿಯಾಗಿ ಭಾಗಿಸಿದರು. ಕಾಲೇಜುಗಳಲ್ಲಿ ಹೆಚ್ಚು ಕಾಲ ಓದಿದ್ದ ಅಮೆರಿಕೆಯ ಉಪಾಧ್ಯಾಯರಲ್ಲಿ ಅರ್ಧಕ್ಕಿಂತ ಕಡಮೆ ಜನರು ಮಾತ್ರ. ಎಳೆಯರ ಗಣಿತವು ಸುಲಭವಾದುದೆಂಬ ಭ್ರಮೆಯೇ ಅದನ್ನು ಕೆಡಿಸಿದೆಯೆಂಬುದು ಆಕೆಯ ವಿಚಾರದಿಂದ ಹೊರಡುವ ಅರ್ಥ. ಅದರಲ್ಲಿ ಆಳವಿದೆ, ಆ ಆಳವನ್ನು ಉಪಾಧ್ಯಾಯನು ತನ್ನ ವೃತ್ತಿಯುದ್ದಕ್ಕೂ ಸಹೋದ್ಯೋಗಿಗಳೊಡನೆ ಕುಳಿತು ಕಲಿಯುತ್ತಲೇ ಇರಬೇಕು.

ಆ ಪ್ರಶ್ನೆಯನ್ನು ನಮ್ಮ ಸಂತೆಯ ಮುದುಕಿಗೆ ಕೇಳಿದ್ದರೆ? ಒಂದೂ ಮುಕ್ಕಾಲು ಸೇರು ಕಡಲೆಕಾಯಿಯಲ್ಲಿ ಎಷ್ಟು ಅರೆಸೇರು? ಒಂದು ಸೇರಿನಲ್ಲಿ ಎರಡು, ಇನ್ನೊಂದು ಅರೆಯಲ್ಲಿ ಒಂದು, ಉಳಿದ ಕಾಲು ಸೇರೆಂದರೆ ಅರೆಸೇರಿನ ಅರ್ಧ. ಒಟ್ಟು ಮೂರೂವರೆ. ಛೇದವನ್ನು ತಲೆಕೆಳಗು ಮಾಡಿ ಗುಣಿಸು ಎಂಬ ಸೂತ್ರವು ಹೇಳದ ಸಂಗತಿಯನ್ನು ಅಳೆಯುವ ಪಾವೇ ಹೇಳುತ್ತದೆ.

ಭಾಷೆಯೂ ಇಲ್ಲಿ ನಮಗೆ ಒಂದು ನೆರವನ್ನು ಇತ್ತಿದೆ. ಅದನ್ನು ನಾವು ಗಮನಿಸಿಯೇ ಇಲ್ಲ. ಇಪ್ಪತ್ತಮೂರು, ಐವತ್ತೇಳು, ತೊಂಬತ್ತಾರು: ಕನ್ನಡದಲ್ಲಿ ಹತ್ತುಗಳು ಮೊದಲು, ಬಿಡಿಗಳು ಬಳಿಕ, ಬರೆಯುವ ಕ್ರಮದಲ್ಲಿಯೇ ಕೇಳಿಬರುತ್ತವೆ. ಹನ್ನೊಂದು ಹನ್ನೆರಡುಗಳಲ್ಲಿಯೂ ಹತ್ತು ಅಡಗಿ ಕುಳಿತಿದೆ. ಹಿಂದಿಯ ಪಚ್‌ಪನ್ ಎಂಬ ಮಾತಿನಲ್ಲಿ ಐವತ್ತನ್ನೂ ಐದನ್ನೂ ಹುಡುಕಿ ತೆಗೆಯಬೇಕು; ಇಂಗ್ಲಿಷಿನ ಸೆವೆಂಟೀನ್‌ನಲ್ಲಿ ಏಳು ಮೊದಲು ಕೇಳಿ ಮಗುವು ೭೧ ಎಂದು ಬರೆಯಲು ಕೈ ಚಾಚುತ್ತದೆ. ಸ್ಥಾನಬೆಲೆಯೆಂಬ ಗಣಿತದ ಬುನಾದಿಯನ್ನು ಕನ್ನಡದ ಮಗುವು ತೊಟ್ಟಿಲಲ್ಲಿಯೇ ಕೇಳಿಸಿಕೊಂಡಿರುತ್ತದೆ. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯನ್ನು ಕಡ್ಡಾಯ ಮಾಡಿದ್ದ ಸರ್ಕಾರದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತಳ್ಳಿಹಾಕಿತು. ೨೦೧೯ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ತಂದೆತಾಯಿಗಳು ಇಂಗ್ಲಿಷನ್ನು ಬಯಸುವುದಕ್ಕೆ ಕಾರಣವುಂಟು. ಅವರನ್ನು ನಾವು ಹಳಿಯುವುದಿಲ್ಲ. ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸಲಿ. ಆದರೆ ಸಂಖ್ಯೆಯು ಮಗುವಿನ ಮನಸ್ಸಿನಲ್ಲಿ ಮೊಳೆಯುವ ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಈ ಹುಟ್ಟುಬಂಡವಾಳವನ್ನು ಕಿತ್ತುಕೊಳ್ಳುವುದು ಬುದ್ಧಿವಂತಿಕೆಯ ವ್ಯಾಪಾರವಲ್ಲ.

ಲೆಕ್ಕ ಬಾರದಿದ್ದ ಮಾತ್ರಕ್ಕೆ ಏನಾದೀತೆಂದು ಕೇಳುವವರಿದ್ದಾರೆ. ನಮ್ಮ ಜಿಲ್ಲೆಯ ಈರುಳ್ಳಿ ಕಡಲೆಕಾಯಿಯ ರೈತರು ಸಾಲಗಾರರಾಗಿರುವುದು ಎಲ್ಲರೂ ಬಲ್ಲ ಸಂಗತಿ. ಒಬ್ಬನು ಹನ್ನೆರಡು ಸಾವಿರ ರೂಪಾಯಿಯನ್ನು ಎರಡು ರೂಪಾಯಿ ಬಡ್ಡಿಗೆ, ಎಂದರೆ ತಿಂಗಳಿಗೆ ನೂರಕ್ಕೆ ಎರಡರಂತೆ, ಪಡೆದು ಹನ್ನೆರಡು ಕಂತುಗಳಲ್ಲಿ ತೀರಿಸುವನೆನ್ನೋಣ. ಕಂತಿಗೆ ಅಸಲು ೧,೦೦೦, ಬಡ್ಡಿ ೨೪೦, ಒಟ್ಟು ೧,೨೪೦. ನೋಡಲು ನೇರವಾಗಿಯೇ ಇದೆ. ಆದರೆ ಎರಡನೆಯ ತಿಂಗಳಿನಲ್ಲಿ ಅವನ ಮೇಲಿನ ಅಸಲು ೧೧,೦೦೦, ಮೂರನೆಯದರಲ್ಲಿ ೧೦,೦೦೦, ಕಡೆಯ ತಿಂಗಳಿನಲ್ಲಿ ೧,೦೦೦ ಮಾತ್ರ; ಬಡ್ಡಿಯೋ ಕೊನೆಯವರೆಗೂ ಹನ್ನೆರಡು ಸಾವಿರದ ಮೇಲೆಯೇ. ಉಳಿದ ಅಸಲಿನ ಮೇಲೆ ಎರಡು ರೂಪಾಯಿಯಂತೆ ಹಿಡಿದರೆ ವರ್ಷದ ಬಡ್ಡಿಯು ೧,೫೬೦. ಅವನು ತೆತ್ತದ್ದು ೨,೮೮೦. ಅದು ಎರಡು ರೂಪಾಯಿ ಬಡ್ಡಿಯಲ್ಲ, ಮೂರೂ ಮುಕ್ಕಾಲಿಗೆ ಸಮೀಪದ್ದು. ಒಂದರಿಂದ ಹನ್ನೆರಡರವರೆಗೆ ಕೂಡಿಸಿ ಎಪ್ಪತ್ತೆಂಟು ಎಂದು ಹೇಳಬಲ್ಲ ಮಗುವು ಈ ಲೆಕ್ಕವನ್ನು ಮಾಡಬಲ್ಲದು. ಸಾಲ ವಸೂಲಿಯ ಕಿರುಕುಳವನ್ನು ತಡೆಯುವುದಕ್ಕಾಗಿ ೨೦೨೫ರಲ್ಲಿ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಬಾಗಿಲಿಗೆ ಬಂದು ಕೂಗಾಡುವುದನ್ನು ಶಾಸನವು ತಡೆಯಬಹುದು. ಕಾಗದಕ್ಕೆ ಹೆಬ್ಬೆಟ್ಟನ್ನೊತ್ತುವ ಮುಂಚೆ ಈ ೧,೩೨೦ ರೂಪಾಯಿಯನ್ನು ಕಾಣುವ ಕಣ್ಣನ್ನು ಅದು ಕೊಡಲಾರದು.

ಕೆಲಸವೇ ನಡೆದಿಲ್ಲವೆಂದಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಪ್ರಾಥಮಿಕ ಉಪಾಧ್ಯಾಯರು ಕೈಹಾಕಿದ ನಲಿ-ಕಲಿಯು ೨೦೦೯ರ ಸುಮಾರಿಗೆ ನಾಡಿನ ಶಾಲೆಗಳಿಗೆಲ್ಲ ಹರಡಿತು. ಅಕ್ಷರ ಸಂಸ್ಥೆಯೊಡನೆ ಸರ್ಕಾರವು ನಡೆಸಿದ ಗಣಿತ ಕಲಿಕಾ ಆಂದೋಲನವು ನಾಲ್ಕು ಐದನೆಯ ತರಗತಿಗಳಿಗೆ ಮಣಿ, ಕಡ್ಡಿ, ಅಳತೆಪಟ್ಟಿಗಳ ಪೆಟ್ಟಿಗೆಯನ್ನು ತಲುಪಿಸಿತು. ಪೆಟ್ಟಿಗೆಯು ತೆರೆದಿರುವ ಶಾಲೆಗೂ ದಾಸ್ತಾನು ಪುಸ್ತಕದಲ್ಲಿ ನಮೂದಾಗಿ ಬೀರುವಿನಲ್ಲಿ ಭದ್ರವಾಗಿರುವ ಶಾಲೆಗೂ ಇರುವ ಅಂತರವು ಒಬ್ಬ ಉಪಾಧ್ಯಾಯನದು. ಅವನಿಗೆ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಇಲಾಖೆಯ ನಮೂನೆಗಳು, ಇವೆಲ್ಲವನ್ನೂ ಹೊರಿಸಿ ಟೀಕೆಗೆ ಸಮಯವನ್ನು ಉಳಿಸಿಕೋ ಎನ್ನುವುದು ಹಾಸ್ಯಾಸ್ಪದ.

ಆದುದರಿಂದ ಚಿತ್ರದುರ್ಗದ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರನ್ನೂ ತಾಲ್ಲೂಕಿನ ಶಿಕ್ಷಣಾಧಿಕಾರಿಗಳನ್ನೂ ನಾವು ಕೇಳುವುದು ಬಹು ಸಣ್ಣ ಸಂಗತಿ. ತಿಂಗಳಿಗೊಂದು ಶನಿವಾರ ಅರ್ಧ ದಿನ, ಒಂದೊಂದು ಹೋಬಳಿಯ ಪ್ರಾಥಮಿಕ ಉಪಾಧ್ಯಾಯರು ಯಾವ ನಮೂನೆಯನ್ನೂ ತುಂಬದೆ, ಯಾವ ಭಾಷಣವನ್ನೂ ಕೇಳದೆ, ಒಂದೇ ಒಂದು ಲೆಕ್ಕವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಲಿ. ಮಕ್ಕಳು ಅದರಲ್ಲಿ ಎಷ್ಟು ಬಗೆಯ ತಪ್ಪುಗಳನ್ನು ಮಾಡಿದರು, ಯಾವ ಮಾತಿನಿಂದ ಅದು ಬಿಡಿಸಿಕೊಂಡಿತು ಎಂಬುದನ್ನು ಬರೆದಿಡಲಿ. ವರ್ಷಕ್ಕೆ ಹತ್ತು ಸಭೆಯಾದರೂ ನಡೆದರೆ ಹತ್ತು ಲೆಕ್ಕಗಳ ಟೀಕೆಯು ಕನ್ನಡದಲ್ಲಿ, ಹಿರಿಯೂರಿನ ತೆಂಗು, ಈರುಳ್ಳಿ, ಕಾಲುವೆ, ಕಂತುಗಳ ಉದಾಹರಣೆಗಳೊಡನೆ ಸಿದ್ಧವಾಗುತ್ತದೆ. ಅದನ್ನು ಅಚ್ಚು ಹಾಕಿಸುವ ವೆಚ್ಚವು ಊರಿನ ಒಂದು ಸನ್ಮಾನ ಸಮಾರಂಭದ ಹಾರ ಶಾಲುಗಳ ವೆಚ್ಚಕ್ಕಿಂತ ಹೆಚ್ಚಾಗಲಾರದು. ನಗರಸಭೆಯ ಪ್ರಮುಖರಲ್ಲಿಯೂ ವರ್ತಕರಲ್ಲಿಯೂ ಯಾರಾದರೂ ಅದನ್ನು ಹೊರುವುದಾದರೆ, ಮೊದಲ ಪುಟದಲ್ಲಿ ತಮ್ಮ ಭಾವಚಿತ್ರಕ್ಕೆ ಬದಲಾಗಿ ಪೂವಿನಬಾಗೆಯ ಬಾಚಯ್ಯನ ಹೆಸರನ್ನು ಹಾಕಿಸಬೇಕೆಂದು ನಮ್ಮ ಬಿನ್ನಹ.